ಡೌನ್‌ಗ್ರೇಡ್: ಕೆಟ್ಟ ಅಪ್‌ಡೇಟ್‌ನಿಂದ ಹಿಂದಕ್ಕೆ ಬರುವುದು

ನಿನ್ನೆವರೆಗೆ ನೆಟ್ಟಗಿದ್ದ ವೈಫೈ, ಲಿನಕ್ಸ್ ಅಪ್‌ಡೇಟ್ ಹಾಕಿದ ಮೇಲೆ ಸಿಗುತ್ತಿಲ್ಲ. ತಪ್ಪು ಯಾವ ಪ್ಯಾಕೇಜಿನದು (ಲಿನಕ್ಸ್‌ನಲ್ಲಿ ತಂತ್ರಾಂಶ ಬರುವ ಕಟ್ಟು) ಎಂದು ಗೊತ್ತಾದರೆ, ಅದರ ಹಿಂದಿನ ಆವೃತ್ತಿಯನ್ನೇ ಮತ್ತೆ ಹಾಕಿಕೊಳ್ಳಬಹುದು. ಇದೇ ಡೌನ್‌ಗ್ರೇಡ್. ಇಡೀ ಸಿಸ್ಟಮನ್ನೇ ಹಳೆಯ ಸ್ಥಿತಿಗೆ ತಂದರೆ ಅದು ರೋಲ್‌ಬ್ಯಾಕ್. ಮಾತಿನಲ್ಲಿ ಎರಡನ್ನೂ ಬೆರೆಸುವುದೇ ಜಾಸ್ತಿ.

ತೊಡಕು ಏನೆಂದರೆ, ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಪ್ಯಾಕೇಜ್ ಮ್ಯಾನೇಜರ್‌ಗಳಿಗೆ ಮುಂದೆ ಹೋಗಿಯೇ ಅಭ್ಯಾಸ. ದೊಡ್ಡ ಸಂಖ್ಯೆಯ ಆವೃತ್ತಿಯೇ ಹೊಸದು ಎಂಬುದು ಅವುಗಳ ಲೆಕ್ಕ. ಇದಕ್ಕೊಂದು ಉದಾಹರಣೆ: 2024ರ ಮಾರ್ಚ್ ಕೊನೆಯಲ್ಲಿ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳದಾರಿ ಇಟ್ಟಿದ್ದು ಬಯಲಾಯಿತು. ಡೆಬಿಯನ್ ಎಂಬ ಲಿನಕ್ಸ್‌ನ ಸ್ಥಿರ ಕವಲಾದ ಸ್ಟೇಬಲ್ ಬಚಾವಾಯಿತು, ಹೊಸ ಆವೃತ್ತಿಗಳು ಮೊದಲು ಬರುವ ಅನ್‌ಸ್ಟೇಬಲ್‌ಗೆ ಅದು ಬಂದಾಗಿತ್ತು. ವಾಪಸ್ 5.4.5ಕ್ಕೆ ಹೋಗಬೇಕು. ಆದರೆ ಸುಮ್ನೆ 5.4.5 ಎಂದು ಇಟ್ಟರೆ ಡೆಬಿಯನ್‌ನ ಪ್ಯಾಕೇಜ್ ಮ್ಯಾನೇಜರ್ ಆಪ್ಟ್ ಅದನ್ನು ಮುಟ್ಟುವುದಿಲ್ಲ, 5.6.1ಕ್ಕಿಂತ ಚಿಕ್ಕದಲ್ವಾ! ಹಾಗಾಗಿ ಹಳೆಯದಕ್ಕೇ ‘5.6.1+ರಿಯಲಿ5.4.5-1’ ಎಂದು ಹೆಸರಿಟ್ಟು ಅಪ್‌ಡೇಟ್ ಎಂದೇ ಕಳಿಸಿದರು. ನಗು ಬರುವ ಹೆಸರು, ಆದರೆ ಕೆಲಸ ಆಯಿತು.

ನಮ್ಮದೊಂದೇ ಕಂಪ್ಯೂಟರಿಗೆ ಇಷ್ಟು ಕಸರತ್ತು ಬೇಡ. ಫೆಡೋರಾ ಎಂಬ ಲಿನಕ್ಸ್‌ನ ಪ್ಯಾಕೇಜ್ ಮ್ಯಾನೇಜರ್ ಡಿಎನ್‌ಎಫ್ ಪ್ರತಿಯೊಂದು ಇನ್‌ಸ್ಟಾಲ್, ಅಪ್‌ಡೇಟ್‌ಗೂ ನಂಬರ್ ಕೊಟ್ಟು ಹಿಸ್ಟರಿಯಲ್ಲಿ ಬರೆದಿಡುತ್ತದೆ. ಆ ನಂಬರ್ ಕೊಟ್ಟು ‘ಅನ್‌ಡು’ ಎಂದರೆ ಹಿಂದಕ್ಕೆ ಹೋಗಲು ನೋಡುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ಇನ್‌ಸ್ಟಾಲ್ ಕಮಾಂಡಿನಲ್ಲಿ ಪ್ಯಾಕೇಜ್ ಹೆಸರಿನ ನಂತರ ಸಮ ಚಿಹ್ನೆ ಹಾಕಿ ಬೇಕಾದ ಆವೃತ್ತಿ ಬರೆಯಬೇಕು. ಎಲ್ಲೇ ಆದರೂ ಹಳೆಯ ಪ್ಯಾಕೇಜ್ ಎಲ್ಲಾದರೂ ಉಳಿದಿರಬೇಕು: ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ರೆಪೊಸಿಟರಿಯಲ್ಲೋ, ಇಳಿಸಿಕೊಂಡವು ಉಳಿಯುವ ನಮ್ಮ ಡಿಸ್ಕಿನ ಕ್ಯಾಶ್‌ನಲ್ಲೋ. ಆರ್ಚ್ ಲಿನಕ್ಸ್ ಬಳಸುವವರಿಗೆ ಹೆಚ್ಚಾಗಿ ಕೈಹಿಡಿಯುವುದು ಅದರ ಪ್ಯಾಕೇಜ್ ಮ್ಯಾನೇಜರ್ ಪ್ಯಾಕ್‌ಮನ್‌ನ ಕ್ಯಾಶ್. ಅದನ್ನು ಆಗಾಗ ಪೂರ್ತಿ ಗುಡಿಸಿ ಹಾಕುವವರು ಯೋಚಿಸಿ.

ಹಳೆಯ ಆವೃತ್ತಿಗೆ ಇಳಿಸಿದ ಮೇಲೆ ಆ ಪ್ಯಾಕೇಜಿಗೆ ‘ಹೋಲ್ಡ್’ (ಅಪ್‌ಡೇಟ್ ಮಾಡಬೇಡ ಎಂಬ ಗುರುತು) ಹಾಕದಿದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ಅದೇ ಕಾಟ ಮತ್ತೆ ಬರುತ್ತದೆ. ಹೋಲ್ಡ್ ಇರುವಷ್ಟು ದಿನ ಭದ್ರತೆಯ ತೇಪೆಗಳೂ ಬರುವುದಿಲ್ಲ, ತೆಗೆಯಲು ಮರೆಯಬೇಡಿ.

ಇನ್ನೊಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ. ಹಿಂದಕ್ಕೆ ಬರುವುದು ಪ್ರೋಗ್ರಾಂ ಮಾತ್ರ. ಹೊಸ ಆವೃತ್ತಿ ನಮ್ಮ ಡೇಟಾವನ್ನು ಬದಲಿಸಿದ್ದರೆ ಅದು ಬದಲಾದಂತೆಯೇ ಇರುತ್ತದೆ. 2019ರಲ್ಲಿ ಬಂದ 67ನೇ ಆವೃತ್ತಿಯಿಂದ ಈಚೆಗೆ ಫೈರ್‌ಫಾಕ್ಸ್, ತನಗಿಂತ ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು (ನಮ್ಮ ಬುಕ್‌ಮಾರ್ಕ್, ಸೆಟ್ಟಿಂಗ್‌ಗಳಿರುವ ಫೋಲ್ಡರ್) ತೆರೆಯಲು ಒಪ್ಪುವುದಿಲ್ಲ, ಬೇರೆ ಪ್ರೊಫೈಲ್ ಮಾಡಿಕೊಳ್ಳಿ ಎನ್ನುತ್ತದೆ. ಓಪನ್‌ಸೂಸೆ ಎಂಬ ಲಿನಕ್ಸ್‌ನಲ್ಲಿ ಸ್ನ್ಯಾಪರ್ ಎಂಬ ಸಾಧನ ಅಪ್‌ಡೇಟ್‌ಗೆ ಮೊದಲೇ ಸಿಸ್ಟಮಿನ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿಯ ಪ್ರತಿ) ತೆಗೆದಿಡುತ್ತದೆ, ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಆದರೆ ಅದರಲ್ಲೂ ಹೋಮ್ ಫೋಲ್ಡರ್ ಸಾಮಾನ್ಯವಾಗಿ ಸೇರಿರುವುದಿಲ್ಲ.

ತೊಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನದ್ದಾದರೆ ಇದ್ಯಾವುದೂ ಬೇಕಿಲ್ಲ. ಹಳೆಯ ಕರ್ನಲ್ ಸಾಮಾನ್ಯವಾಗಿ ಡಿಸ್ಕಿನಲ್ಲೇ ಇರುತ್ತದೆ, ಫೆಡೋರಾ ಮೂರನ್ನು ಇಟ್ಟುಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿ, ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಿಂದಿನದನ್ನು ಆರಿಸಿದರೆ ಆಯಿತು.