ಟೆನ್ಷನ್‌ಗೆ ಒಂದು ಧಮ್: ಬಿಡುವ ಮೊದಲು ಒಂದು ವಾರ ಬರೆಯಿರಿ

ಸಿಗರೇಟ್ ಬಿಡಬೇಕು ಅಂತ ಬರುವವರಿಗೆ ನಾನು ಮೊದಲ ವಾರ ಬಿಡಲು ಹೇಳುವುದೇ ಇಲ್ಲ. ‘ಸೇದಿ, ಆದರೆ ಬರೆದಿಡಿ’ ಅನ್ನುತ್ತೇನೆ. ಜೊತೆಗೆ ಬಂದ ಹೆಂಡತಿಗೆ ಎಷ್ಟೋ ಸಲ ಸಿಟ್ಟೇ ಬರುತ್ತದೆ. ಬಿಡಿಸ್ತಾರೆ ಅಂತ ಕರೆದುಕೊಂಡು ಬಂದರೆ ಇವರೇ ಸೇದಿ ಅಂತಾರಲ್ಲ!

ಬರೆಯಬೇಕಾದ್ದು ಜಾಸ್ತಿ ಏನಿಲ್ಲ. ಎಷ್ಟು ಗಂಟೆ, ಎಲ್ಲಿ, ಯಾರ ಜೊತೆ, ಅದಕ್ಕೆ ಐದು ನಿಮಿಷ ಮುಂಚೆ ಏನಾಯಿತು. ಹಚ್ಚುವ ಮೊದಲೇ ಬರೆಯಬೇಕು. ರಾತ್ರಿ ಕೂತು ನೆನಪು ಮಾಡಿಕೊಂಡು ಬರೆದರೆ ಅದು ಲೆಕ್ಕಕ್ಕಿಲ್ಲ.

ಸಹಕಾರ ಸಂಘವೊಂದರಲ್ಲಿ ಸಾಲ ವಸೂಲಿ ನೋಡಿಕೊಳ್ಳುವ ಒಬ್ಬರಿದ್ದರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ‘ಟೆನ್ಷನ್ ಆದಾಗ ಮಾತ್ರ ಸಾರ್, ಇಲ್ಲಾಂದ್ರೆ ಅದರ ನೆನಪೇ ಬರಲ್ಲ’ ಅನ್ನುತ್ತಿದ್ದರು. ಅವರ ಚೀಟಿ ಬೇರೆಯೇ ಹೇಳಿತು. ದಿನದ ಮುಕ್ಕಾಲು ಪಾಲು ಸಿಗರೇಟಿಗೆ ಟೆನ್ಷನ್ನೇ ಇರಲಿಲ್ಲ. ಬೈಟು ಟೀ ಬಂತು, ಪಕ್ಕದವರು ಹಚ್ಚಿದರು, ಇವರೂ ಹಚ್ಚಿದರು. ಬೇಕೇ ಬೇಕು ಅನಿಸುತ್ತಿದ್ದದ್ದು ಎರಡೇ. ಒಂದು, ಮ್ಯಾನೇಜರ್ ಫೋನಿನಲ್ಲಿ ಕೂಗಾಡಿದ ಮೇಲೆ ಸೇದುವುದು. ಇನ್ನೊಂದು, ಸಂಜೆ ಮನೆ ಸೇರುವ ಮುಂಚೆ ಬೀದಿ ತಿರುವಿನಲ್ಲಿ ಗಾಡಿ ನಿಲ್ಲಿಸಿ ಸೇದುವುದು.

ಟೀ ಜೊತೆ ಸುಮ್ನೆ ಸೇದುವುದು, ಬೇಕೇ ಬೇಕು ಅನಿಸಿ ಸೇದುವುದು, ಈ ಎರಡು ಬಗೆಗೂ ಒಂದೇ ಮದ್ದಲ್ಲ. ಟೀ ಜೊತೆಗಿನದು ಬರೀ ರೂಢಿ. ಜಾಗ ಬದಲಿಸಿದರೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಅವರು ಟೀ ಕುಡಿಯುವುದನ್ನು ಬಿಡಲಿಲ್ಲ, ಮೇಜಿಗೇ ತರಿಸಿಕೊಂಡರು. ಅಷ್ಟೇ.

ಟೆನ್ಷನ್ ಸಿಗರೇಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸೇದಿದ ಕೂಡಲೇ ಹಗುರ ಅನಿಸುವುದು ಸುಳ್ಳಲ್ಲ. ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳು ಮುಟ್ಟುತ್ತದೆ. ಆದರೆ ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಆಗ ಚಡಪಡಿಕೆ, ಸಿಡುಕು ಶುರು. ನಾವು ಅದನ್ನೇ ಟೆನ್ಷನ್ ಅಂದುಕೊಂಡು ಇನ್ನೊಂದು ಹಚ್ಚುತ್ತೇವೆ. ಅಂದರೆ ಹಿಂದಿನ ಸಿಗರೇಟ್ ತಂದಿಟ್ಟ ಸಂಕಟವನ್ನು ಮುಂದಿನದು ತಣಿಸುತ್ತಿದೆ. ಬಿಟ್ಟವರಲ್ಲಿ ಆತಂಕ, ಒತ್ತಡ ಕಡಿಮೆಯಾಗುತ್ತದೆ ಅಂತ 26 ಅಧ್ಯಯನಗಳನ್ನು ಒಟ್ಟುಗೂಡಿಸಿದ ಬ್ರಿಟನ್ನಿನ ವರದಿಯೊಂದು 2014ರಲ್ಲಿ ಬಂತು. ಇದನ್ನು ಹೇಳಿದರೆ ಸೇದುವವರು ನನ್ನ ಮುಖ ನೋಡಿ ನಗುತ್ತಾರೆ. ನಗಲಿ.

ಹಾಗಂತ ಮ್ಯಾನೇಜರ್ ಕೂಗಾಟ ನಿಲ್ಲುವುದಿಲ್ಲ ಅಲ್ವಾ? ಆ ಹೊತ್ತಿಗೆ ಏನು ಮಾಡುವುದು ಅಂತ ಮೊದಲೇ ಗೊತ್ತುಮಾಡಿಕೊಂಡಿರಬೇಕು. ‘ಇನ್ಮೇಲೆ ಸೇದಲ್ಲ’ ಅನ್ನುವುದು ಶಪಥ. ‘ಫೋನ್ ಇಟ್ಟ ತಕ್ಷಣ ಎದ್ದು ಮೇಲಿನ ಮಹಡಿಗೆ ಹೋಗಿ ನೀರು ಕುಡಿದು ಬರುತ್ತೇನೆ’ ಅನ್ನುವುದು ಯೋಜನೆ. ಹೀಗಾದರೆ ಹೀಗೆ ಮಾಡುತ್ತೇನೆ ಅಂತ ಜಾಗ, ಹೊತ್ತು ಸಮೇತ ಕಟ್ಟಿಕೊಂಡ ಮಾತು ಬರೀ ನಿರ್ಧಾರಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರ ಸಂಶೋಧನೆಯಿಂದ ಬಂದ ವಿಧಾನ ಇದು. ಮೇಲಿನ ಮಹಡಿಯನ್ನೇ ಯಾಕೆ ಆರಿಸಿದೆವು ಅಂದರೆ ಅಂಗಡಿ ಕೆಳಗಿದೆ!

ನೀರು ಕುಡಿದರೂ ಚಪಲ ಹೋಗಲ್ಲ, ನಿಜ. ಆಗ ಅದರ ಜೊತೆ ಗುದ್ದಾಡಬಾರದು. ಚಪಲ ಅಲೆಯ ಹಾಗೆ ಏರಿ ಇಳಿಯುತ್ತದೆ, ಅದು ಇಳಿಯುವವರೆಗೆ ಸುಮ್ನೆ ನೋಡುತ್ತಿರಿ ಅಂದವರು ಅಮೆರಿಕದ ಮನಃಶಾಸ್ತ್ರಜ್ಞ ಅಲನ್ ಮಾರ್ಲಾಟ್. ಗಂಟಲಲ್ಲಿ ಏನಾಗುತ್ತಿದೆ, ಬೆರಳಲ್ಲಿ ಏನಾಗುತ್ತಿದೆ ಅಂತ ಗಮನಿಸಬೇಕು. ಉಸಿರು ಒಳಗೆ ಎಳೆಯುವುದಕ್ಕಿಂತ ನಿಧಾನವಾಗಿ ಹೊರಗೆ ಬಿಡಬೇಕು. ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಅದು ಇಳಿಯುತ್ತದೆ. ಇಳಿಯುವುದನ್ನು ಒಮ್ಮೆ ಕಂಡವರಿಗೆ ಮುಂದಿನ ಸಲ ಅಷ್ಟು ಭಯವಿರುವುದಿಲ್ಲ.

ಸಂಜೆಯದ್ದೇ ಕಷ್ಟವಾಯಿತು. ಆ ಸಿಗರೇಟ್ ಅವರಿಗೆ ಆಫೀಸಿಗೂ ಮನೆಗೂ ನಡುವೆ ಸಿಗುತ್ತಿದ್ದ ಒಂದೇ ಬಿಡುವು. ಅದನ್ನು ಕಿತ್ತುಕೊಂಡು ಬದಲಿಗೆ ಏನೂ ಕೊಡದಿದ್ದರೆ ನಿಲ್ಲುವುದಿಲ್ಲ. ಅದಕ್ಕೇ ಬಿಡುವು ಹಾಗೇ ಇರಲಿ ಅಂದೆವು, ನಿಲ್ಲುವ ಜಾಗ ಮಾತ್ರ ಬೇರೆ. ಪಾರ್ಕಿನ ಹತ್ತಿರ ಗಾಡಿ ನಿಲ್ಲಿಸಿ ಎರಡು ಸುತ್ತು ನಡೆದು ಮನೆಗೆ ಹೋಗುವುದು. ಇದಲ್ಲದೆ ಊಟಕ್ಕೆ ಮುಂಚೆ ಅರ್ಧ ಗಂಟೆ ಚಿಂತೆಗೇ ಮೀಸಲು. ವಸೂಲಾಗದ ಸಾಲ, ನಾಳೆಯ ಮೀಟಿಂಗು, ಎಲ್ಲ ಆಗಲೇ ಹಾಳೆಗೆ ಇಳಿಸಬೇಕು. ಹಗಲಲ್ಲಿ ಚಿಂತೆ ಬಂದರೆ ‘ಸಂಜೆ ನೋಡೋಣ’ ಅಂತ ಮುಂದಕ್ಕೆ ಹಾಕಬೇಕು. ಕೇಳಲು ಹುಡುಗಾಟದಂತಿದೆ, ಆದರೆ ಮನಃಶಾಸ್ತ್ರದಲ್ಲಿ 1980ರ ದಶಕದಿಂದಲೂ ಪರೀಕ್ಷೆಗೆ ಒಳಪಟ್ಟ ಉಪಾಯ.

21 ದಿನ ತಡೆದರೆ ಸಾಕು ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿದಾಗ ಹೊಸ ಅಭ್ಯಾಸ ಬೇರೂರಲು ಸರಾಸರಿ 66 ದಿನ ಹಿಡಿಯುವ ಅಂದಾಜು ಸಿಕ್ಕಿತು. ಕೆಲವರಿಗೆ 18 ದಿನವಾದರೆ ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ. ಅವರು ನೋಡಿದ್ದು ನೀರು ಕುಡಿಯುವುದು, ಹಣ್ಣು ತಿನ್ನುವುದು, ಓಡುವುದು ಇಂಥವನ್ನು, ಸಿಗರೇಟನ್ನಲ್ಲ. ಆದರೂ ಪಾರ್ಕಿನ ಸುತ್ತು ರೂಢಿಯಾಗಲು ಎಷ್ಟು ದಿನ ಬೇಕು ಅನ್ನುವುದಕ್ಕೆ ಒಂದು ಅಂದಾಜು ಸಿಗುತ್ತದೆ.

ಬಿಟ್ಟವರು ಮತ್ತೆ ಶುರುಮಾಡುವುದು ಒಂದು ಸಿಗರೇಟಿನಿಂದಲ್ಲ, ಅದಾದ ಮೇಲೆ ಬರುವ ಮಾತಿನಿಂದ. ಮುಳುಗಿದವನಿಗೆ ಚಳಿಯೇನು ಮಳೆಯೇನು ಅಂದುಕೊಂಡು ಪ್ಯಾಕೇ ಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ಒಂದು ಸೇದಿದಿರಾ? ಚೀಟಿಯಲ್ಲಿ ಬರೆಯಿರಿ. ಹೊತ್ತು, ಜಾಗ, ಜೊತೆಗಿದ್ದವರು. ಮುಂದಿನ ಮದುವೆಗೆ ಯೋಜನೆ ಅದರಿಂದಲೇ ಸಿಗುತ್ತದೆ.

ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಸೇದಲೇಬೇಕು ಅನ್ನುವವರಿಗೆ ಚೀಟಿ, ಉಸಿರಾಟ ಸಾಲದು. ದೇಹ ನಿಕೋಟಿನ್ನಿಗೆ ಒಗ್ಗಿಹೋಗಿರುತ್ತದೆ. ಡಾಕ್ಟರ ಬಳಿ ನಿಕೋಟಿನ್ ಗಮ್ ಅಥವಾ ಮಾತ್ರೆಯ ಬಗ್ಗೆ ಕೇಳಿ. ತಂಬಾಕು ಬಿಡಲು ಸಹಾಯ ಮಾಡುವ ರಾಷ್ಟ್ರೀಯ ಸಹಾಯವಾಣಿ 1800-11-2356, ಉಚಿತ. ಒತ್ತಡವೇ ಜಾಸ್ತಿಯಾಗಿ ನಿದ್ದೆ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಯವರಿಗೂ ಒಂದು ಮಾತು. ಮೊದಲ ಎರಡು ಮೂರು ದಿನ ಸಿಡುಕು ಜಾಸ್ತಿ, ಆಮೇಲೆ ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ಅಂಗಿ ಮೂಸಿ ಪತ್ತೇದಾರಿ ಮಾಡಬೇಡಿ. ಸೈಟಿನ ವ್ಯವಹಾರ, ನಾದಿನಿ ಮದುವೆ ಖರ್ಚು ಇಂಥ ಚರ್ಚೆಗಳನ್ನು ತಿಂಗಳ ಕೊನೆಗೆ ಇಟ್ಟುಕೊಳ್ಳಿ.