ಹಡಗು ಬರೋಕೆ ತಿಂಗಳು ಬೇಕು, ಎಣ್ಣೆ ರೇಟು ಮಾತ್ರ ಮರುದಿನವೇ ಏರುತ್ತೆ. ಯಾಕೆ?

ಪ್ರಶ್ನೆ: ದಾವಣಗೆರೆಯಲ್ಲಿ ಮಂಡಕ್ಕಿ-ಮಿರ್ಚಿ ಗಾಡಿ ಇಟ್ಟಿದ್ದೇನೆ. ಎಲ್ಲೋ ಯುದ್ಧ ಅಂತ ಟಿವಿಯಲ್ಲಿ ಬಂದರೆ ಸಾಕು, ಮರುದಿನ ಎಣ್ಣೆ ಟಿನ್ ರೇಟು ಏರಿರುತ್ತೆ. ಕೇಳಿದರೆ "ಹೊರದೇಶದ ಮಾಲು ಅಕ್ಕಾ" ಅಂತಾರೆ. ಹಡಗು ಬರೋಕೆ ತಿಂಗಳು ಬೇಕಲ್ವಾ? ಅಂಗಡಿಯಲ್ಲಿರೋದು ಹಳೇ ಮಾಲಲ್ವಾ? ಗಲಾಟೆ ನಿಂತಾಗ ಮಾತ್ರ ಅಷ್ಟು ಬೇಗ ಇಳಿಯಲ್ಲ. ಚಳ್ಳಕೆರೆಯಲ್ಲಿ ಅಷ್ಟೊಂದು ಎಣ್ಣೆ ಮಿಲ್ ಇದ್ದೂ ನಮಗೇನು ಪ್ರಯೋಜನ?

ಉತ್ತರ: ಅಕ್ಕಾ, ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಲ್ಲಿ ತುಂಬಾ ಜನ ಕೇಳುತ್ತಾರೆ. ನೀವು ಹೇಳಿದ್ದು ಸರಿ. ಅಂಗಡಿಯಲ್ಲಿರುವುದು ಹಳೇ ಮಾಲೇ. ಆದರೆ ವ್ಯಾಪಾರಿ ರೇಟು ಹಾಕುವಾಗ ಮುಂದಿನ ಟಿನ್ ಎಷ್ಟಕ್ಕೆ ಸಿಗುತ್ತದೆ ಅಂತ ನೋಡುತ್ತಾನೆ. ಹಳೇ ರೇಟಿಗೆ ನೂರು ಟಿನ್ ಮಾರಿ, ಆ ದುಡ್ಡಿಗೆ ಮತ್ತೆ ತೊಂಬತ್ತೇ ಟಿನ್ ಬಂದರೆ ಅವನ ಬಂಡವಾಳ ಕರಗಿತು.

ನಮ್ಮಪ್ಪ ಶೇಂಗಾ ಚೀಲಗಳನ್ನು ಮನೆಯಲ್ಲೇ ಒಟ್ಟಿಡುತ್ತಿದ್ದರು. ಚಳ್ಳಕೆರೆ ಎಪಿಎಂಸಿಯಲ್ಲಿ ರೇಟು ಏರಿದೆ ಅಂತ ತಿಳಿದರೆ ಅವತ್ತಿನ ರೇಟಿಗೇ ಮಾರುತ್ತಿದ್ದರು. ಬಿತ್ತುವಾಗ ಖರ್ಚು ಕಡಿಮೆ ಬಿದ್ದಿತ್ತು, ಕಡಿಮೆಗೇ ಕೊಡುತ್ತೇನೆ ಅಂತ ಯಾವತ್ತೂ ಅನ್ನಲಿಲ್ಲ. ಎಣ್ಣೆ ವ್ಯಾಪಾರಿಯ ಲೆಕ್ಕವೂ ಅದೇ.

ಆ ಮುಂದಿನ ಟಿನ್ನಿನ ರೇಟು ತೀರ್ಮಾನ ಆಗುವುದು ನಮ್ಮೂರಲ್ಲಿ ಅಲ್ಲ. ತಾಳೆ ಎಣ್ಣೆ, ಅಂದರೆ ಪಾಮ್ ಎಣ್ಣೆಗೆ ಮಲೇಶಿಯಾದ ಕೌಲಾಲಂಪುರದ ಮಾರುಕಟ್ಟೆ. ಸೋಯಾ ಎಣ್ಣೆಗೆ ಅಮೆರಿಕದ ಶಿಕಾಗೋ. ಅಲ್ಲಿ ರೇಟು ಅಲುಗಾಡಿದರೆ ಮಂಗಳೂರಿನ ಅಡುಗೆ ಎಣ್ಣೆ ರಿಫೈನರಿಗೂ ದೊಡ್ಡ ವ್ಯಾಪಾರಿಗಳಿಗೂ ಕೂಡಲೇ ಗೊತ್ತಾಗುತ್ತದೆ. ಎಣ್ಣೆ ಹಡಗಲ್ಲಿ ಬರುತ್ತದೆ, ರೇಟು ಫೋನಲ್ಲಿ ಬರುತ್ತದೆ.

ನಾವು ಇದಕ್ಕೆ ಇಷ್ಟು ಸಿಕ್ಕಿಬಿದ್ದಿರುವುದಕ್ಕೆ ಕಾರಣ ಇದೆ. ದೇಶದಲ್ಲಿ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ವರ್ಷಕ್ಕೆ ಸುಮಾರು 160 ಲಕ್ಷ ಟನ್. ಜಗತ್ತಿನಲ್ಲಿ ಇಷ್ಟು ಅಡುಗೆ ಎಣ್ಣೆ ಕೊಳ್ಳುವ ದೇಶ ಇನ್ನೊಂದಿಲ್ಲ. ತಾಳೆ ಎಣ್ಣೆ ಇಂಡೋನೇಶಿಯಾ, ಮಲೇಶಿಯಾದಿಂದ ಬರುತ್ತದೆ. ಹತ್ತಿರದ ದಾರಿ, ಹಡಗಿಗೆ ವಾರ ಹತ್ತು ದಿನ ಸಾಕು. ಸೋಯಾ ಎಣ್ಣೆ ಅರ್ಜೆಂಟೀನಾ, ಬ್ರೆಜಿಲ್‌ನಿಂದ ಆಫ್ರಿಕಾದ ದಕ್ಷಿಣ ತುದಿ ಸುತ್ತಿ ಬರಬೇಕು. ಅದಕ್ಕೆ ಒಂದೂವರೆ ತಿಂಗಳು ಹಿಡಿಯುತ್ತದೆ. ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ರಷ್ಯಾ, ಉಕ್ರೇನ್‌ನದು. ಅದರ ದಾರಿಯೇ ಒಂದು ದೊಡ್ಡ ಕಥೆ.

ಉಕ್ರೇನ್‌ನ ಒಡೆಸಾ ಬಂದರು ಇರುವುದು ಕಪ್ಪು ಸಮುದ್ರದ ದಂಡೆಯಲ್ಲಿ. ಆ ಸಮುದ್ರಕ್ಕೆ ಹೊರಬರುವ ಬಾಗಿಲು ಒಂದೇ. ಟರ್ಕಿಯ ಇಸ್ತಾನ್‌ಬುಲ್ ಊರನ್ನೇ ಸೀಳಿಕೊಂಡು ಹೋಗುವ ಬಾಸ್ಫರಸ್ ಜಲಸಂಧಿ ಅದು. ಅಲ್ಲಿಂದ ಮೆಡಿಟರೇನಿಯನ್, ಆಮೇಲೆ ಈಜಿಪ್ಟಿನ ಸೂಯೆಜ್ ಕಾಲುವೆ, ಕೆಂಪು ಸಮುದ್ರ, ಯೆಮೆನ್ ಪಕ್ಕದ ಬಾಬ್ ಎಲ್ ಮಂದೆಬ್ ಜಲಸಂಧಿ, ಕೊನೆಗೆ ನಮ್ಮ ಅರಬ್ಬಿ ಸಮುದ್ರ. ಇಷ್ಟು ಕಿರಿದಾದ ಬಾಗಿಲುಗಳಲ್ಲಿ ಯಾವುದಕ್ಕೆ ಅಡ್ಡ ಬಿದ್ದರೂ ಎಣ್ಣೆ ಹಿಂದೆಯೇ ನಿಲ್ಲುತ್ತದೆ.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಒಡೆಸಾದ ಕಡೆಯ ಬಂದರುಗಳು ಮುಚ್ಚಿದವು. ಜಗತ್ತಿನ ದೇಶಗಳು ಕೊಳ್ಳುವ ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಈ ಎರಡು ದೇಶಗಳದೇ. ಅದು ನಿಂತಾಗ ಎಲ್ಲರೂ ತಾಳೆ ಎಣ್ಣೆಗೆ ಮುಗಿಬಿದ್ದರು. ಮಾರ್ಚ್ ತಿಂಗಳಲ್ಲಿ ಅದರ ಬೆಲೆ ಟನ್ನಿಗೆ 7000 ರಿಂಗಿಟ್ (ಮಲೇಶಿಯಾದ ಹಣ) ದಾಟಿತು. ನೀವು ಮಿರ್ಚಿ ಕರಿಯುವುದು ತಾಳೆ ಎಣ್ಣೆಯಿಂದಲೇ ತೆಗೆದ ಪಾಮೋಲಿನ್‌ನಲ್ಲಿ ಆದರೂ ಉಕ್ರೇನ್ ಗಲಾಟೆ ನಿಮ್ಮ ಬಾಣಲೆಗೆ ಮುಟ್ಟಿದ್ದು ಹೀಗೆ. ಒಂದು ಎಣ್ಣೆ ದುಬಾರಿಯಾದರೆ ಜನ ಇನ್ನೊಂದಕ್ಕೆ ಹೋಗುತ್ತಾರೆ, ಅದೂ ಏರುತ್ತದೆ.

ಅಷ್ಟರಲ್ಲಿ ಏಪ್ರಿಲ್ 28ರಿಂದ ಇಂಡೋನೇಶಿಯಾ ತಾಳೆ ಎಣ್ಣೆ ರಫ್ತನ್ನೇ ನಿಲ್ಲಿಸಿತು. ಎಣ್ಣೆ ಬೆಳೆಯುವ ದೇಶದಲ್ಲೇ ಜನ ಕ್ಯೂ ನಿಲ್ಲುವ ಸ್ಥಿತಿ ಬಂದಿತ್ತು. ತನ್ನ ಜನರ ಅಡುಗೆಮನೆ ನೋಡಿಕೊಂಡಿತು ಅಂತ ಆ ಸರ್ಕಾರವನ್ನು ನಾನು ಬೈಯಲಾರೆ. ಮೇ 23ಕ್ಕೆ ನಿಷೇಧ ತೆಗೆದರು. ಬರೀ ಮೂರೂವರೆ ವಾರ. ಆದರೆ ಹೊಸ ಮಾಲು ಎಲ್ಲಿಂದ ಅನ್ನುವ ಭಯಕ್ಕೆ ಅಷ್ಟು ಸಾಕಾಗಿತ್ತು.

2023ರ ನವೆಂಬರ್‌ನಿಂದ ಯೆಮೆನ್‌ನ ಹೌತಿಗಳು ಅನ್ನುವ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದರು. ಎಷ್ಟೋ ಹಡಗುಗಳು ಸೂಯೆಜ್ ಬಿಟ್ಟು ಇಡೀ ಆಫ್ರಿಕಾ ಸುತ್ತತೊಡಗಿದವು. ಕಪ್ಪು ಸಮುದ್ರದಿಂದ ಬರುವ ಹಡಗಿಗೆ ಇದು ಎಂಥ ಸುತ್ತು ನೋಡಿ. ಪೂರ್ವಕ್ಕೆ ಬರಬೇಕಾದ್ದು ಮೊದಲು ಪಶ್ಚಿಮಕ್ಕೆ, ಸ್ಪೇನ್ ತುದಿಯ ಜಿಬ್ರಾಲ್ಟರ್‌ವರೆಗೆ ಹೋಗಿ, ಅಲ್ಲಿಂದ ಕೆಳಗಿಳಿದು ಬರಬೇಕು. ಎರಡು ವಾರಕ್ಕೂ ಮಿಕ್ಕಿ ದಿನ, ಅಷ್ಟು ದಿನದ ಇಂಧನ, ಮೇಲೆ ಇನ್ಶೂರೆನ್ಸ್. ದಕ್ಷಿಣ ಅಮೆರಿಕದ ಸೋಯಾ ಎಣ್ಣೆಗೆ ಮಾತ್ರ ಈ ಸುತ್ತು ಹೊಸದಾಗಿ ಬೀಳಲಿಲ್ಲ. ಅದರ ದಾರಿ ಮೊದಲಿನಿಂದಲೂ ಆ ಕಡೆಯೇ.

ಇನ್ನು ಇಳಿಯುವುದು ಯಾಕೆ ನಿಧಾನ? ಎರಡು ತಿಂಗಳ ಹಿಂದೆ ದುಬಾರಿ ರೇಟಿಗೆ ಬುಕ್ ಮಾಡಿದ ಎಣ್ಣೆ ಈಗ ಸಮುದ್ರದ ಮೇಲಿರುತ್ತದೆ. ಅದಕ್ಕೂ ಮುಂಚಿನದು ಮಂಗಳೂರು ಬಂದರು ಇರುವ ಪಣಂಬೂರಿನ ಟ್ಯಾಂಕಿನಲ್ಲಿ, ಇನ್ನೂ ಮುಂಚಿನದು ಡೀಲರ್ ಗೋಡೌನಿನಲ್ಲಿ. ಅಷ್ಟೂ ಜನ ನಷ್ಟಕ್ಕೆ ಮಾರಲು ಹಿಂದೆಮುಂದೆ ನೋಡುತ್ತಾರೆ. ಇದು ಅರ್ಥವಾಗುವ ಮಾತು. ಆದರೆ ಪೂರ್ತಿ ಉತ್ತರ ಇದಲ್ಲ. 2022ರ ಜುಲೈ ಹೊತ್ತಿಗೆ ತಾಳೆ ಎಣ್ಣೆ 4000 ರಿಂಗಿಟ್‌ಗಿಂತ ಕೆಳಗೆ ಬಿದ್ದಿತ್ತು. ಆಗಲೂ ಲೀಟರಿಗೆ 15 ರೂಪಾಯಿ ಇಳಿಸಿ ಅಂತ ಕೇಂದ್ರ ಸರ್ಕಾರವೇ ಕಂಪನಿಗಳಿಗೆ ಹೇಳಬೇಕಾಯಿತು. ಏರುವಾಗ ಮುಂದಿನ ಟಿನ್ ನೋಡುವವರು, ಇಳಿಯುವಾಗ ಹಿಂದಿನ ಟಿನ್ ನೋಡುತ್ತಾರೆ. ನಿಮ್ಮ ಸಿಟ್ಟು ಇಲ್ಲಿ ನ್ಯಾಯವಾದದ್ದೇ.

ಇನ್ನೊಂದು ಸಂಗತಿ ಇದಕ್ಕಿಂತ ಚೆನ್ನಾಗಿ ನಿಮ್ಮ ಮಾತಿಗೆ ಸಾಕ್ಷಿ. 2024ರ ಸೆಪ್ಟೆಂಬರ್ 14ರಂದು ಕಚ್ಚಾ, ಅಂದರೆ ರಿಫೈನ್ ಮಾಡದ ಅಡುಗೆ ಎಣ್ಣೆಯ ಒಟ್ಟು ಆಮದು ಸುಂಕ ಶೇ 5.5ರಿಂದ 27.5ಕ್ಕೆ ಏರಿತು. ಕಡಿಮೆ ಸುಂಕದಲ್ಲಿ ತಂದ 30 ಲಕ್ಷ ಟನ್ ದಾಸ್ತಾನಿದೆ, 45-50 ದಿನಕ್ಕೆ ಸಾಕು, ಅಲ್ಲಿಯವರೆಗೆ ರೇಟು ಏರಿಸಬೇಡಿ ಅಂತ ಸರ್ಕಾರ ಹೇಳಿತು. ಆದರೂ ದಸರಾ, ದೀಪಾವಳಿಗೆ ಮುಂಚೆಯೇ ಎಣ್ಣೆ ಏರಿತ್ತು.

ಹಾಗಂತ ಆ ಸುಂಕವೇ ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಯಾಕೆಂದರೆ ಚಳ್ಳಕೆರೆ ಇರುವುದು ಇಲ್ಲೇ. ಎಣ್ಣೆ ವ್ಯಾಪಾರದಲ್ಲಿ ಬಾಂಬೆ ಬಿಟ್ಟರೆ ಚಳ್ಳಕೆರೆ ಅನ್ನುತ್ತಿದ್ದ ಕಾಲ ಇತ್ತು. 1986ರಲ್ಲಿ ಎಣ್ಣೆಕಾಳು ಬೆಳೆ ಹೆಚ್ಚಿಸಲು ಕೇಂದ್ರ ಸರ್ಕಾರದ ಎಣ್ಣೆಕಾಳು ಮಿಷನ್ ಶುರುವಾಗಿ, 90ರ ದಶಕದ ಆರಂಭದಲ್ಲಿ ದೇಶ ಎಣ್ಣೆಯಲ್ಲಿ ಹೆಚ್ಚುಕಡಿಮೆ ಸ್ವಂತ ಕಾಲ ಮೇಲೆ ನಿಂತಿತ್ತು. 1994ರ ನಂತರ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು, ಮೊದಲ ಕೆಲವು ವರ್ಷ ಸುಂಕವೂ ಇಳಿಯುತ್ತಾ ಹೋಯಿತು. ಅದರೊಂದಿಗೆ ನಮ್ಮ ಶೇಂಗಾ ಪೈಪೋಟಿ ಮಾಡುವುದು ಹೇಗೆ? ತಾಳೆ ಎಕರೆಗೆ ಒಂದು ಟನ್ನಿಗಿಂತ ಜಾಸ್ತಿ ಎಣ್ಣೆ ಕೊಡುತ್ತದೆ. ಮಳೆ ನಂಬಿದ ನಮ್ಮ ಹೊಲದಲ್ಲಿ ಎಕರೆಗೆ 5-6 ಕ್ವಿಂಟಲ್ ಕಾಯಿ ಬಂದರೂ, ಸಿಪ್ಪೆ ತೆಗೆದು ಹಿಂಡಿದರೆ ಎಣ್ಣೆ 2 ಕ್ವಿಂಟಲ್ ಮುಟ್ಟುವುದಿಲ್ಲ. ಅದಕ್ಕೇ ಎಷ್ಟೋ ಮಿಲ್‌ಗಳು ಬೀಗ ಹಾಕಿದವು. ದಾವಣಗೆರೆ ಕಡೆ ಸೂರ್ಯಕಾಂತಿ ಹಾಕುತ್ತಿದ್ದ ಹೊಲಗಳಿಗೂ ಮೆಕ್ಕೆಜೋಳ ಬಂತು.

ನಿಮ್ಮ ಟಿನ್ ಅಗ್ಗವಾಗಬೇಕಾದರೆ ಸುಂಕ ಇಳಿಯಬೇಕು. ಶೇಂಗಾ ರೈತ ಉಳಿಯಬೇಕಾದರೆ ಸುಂಕ ಇರಬೇಕು. 2025ರ ಮೇ ಕೊನೆಯಲ್ಲಿ ಅದನ್ನು ಮತ್ತೆ ಶೇ 16.5ಕ್ಕೆ ಇಳಿಸಿದರು. ರೈತ ಮುಂಗಾರಿನ ಬಿತ್ತನೆ ಬೀಜ ಕೊಳ್ಳುವ ಹೊತ್ತು ಅದು. ಸುಂಕ ಎಷ್ಟೇ ಇರಲಿ, ಬಿತ್ತುವ ಮುಂಚೆ ಹೇಳಿ, ಕಟಾವಿನವರೆಗೆ ಮುಟ್ಟಬೇಡಿ ಅನ್ನುವುದು ನನ್ನ ಬೇಡಿಕೆ. ಹೊರಗಿನ ಜಲಸಂಧಿಗಳು ನಮ್ಮ ಕೈಯಲ್ಲಿಲ್ಲ, ಇದೊಂದು ಇದೆ.

ಗಾಡಿಯ ವಿಷಯಕ್ಕೆ ಬಂದರೆ, ಸುದ್ದಿ ಕೇಳಿದ ತಕ್ಷಣ ಸಾಲ ಮಾಡಿ ಹತ್ತು ಟಿನ್ ತುಂಬಿಸಬೇಡಿ. 2022ರ ಮಾರ್ಚ್‌ನಲ್ಲಿ ಹಾಗೆ ಮಾಡಿದವರು ಜುಲೈನಲ್ಲಿ ಕೈ ಸುಟ್ಟುಕೊಂಡರು. ವಾರಕ್ಕೆ ಬೇಕಾದಷ್ಟೇ ತನ್ನಿ. ಪ್ಯಾಕೆಟ್ ಕೊಳ್ಳುವ ದಿನ ರೇಟಿನ ಜೊತೆ ಗ್ರಾಂ ಕೂಡ ಓದಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅಷ್ಟೇ ದೊಡ್ಡದಾಗಿ ಕಾಣುವ ಪ್ಯಾಕೆಟ್‌ನಲ್ಲಿ ಅದಕ್ಕಿಂತ ಕಡಿಮೆ ಗ್ರಾಂ ಬರೆದಿದ್ದರೆ, ಕೆಜಿ ಲೆಕ್ಕ ಹಾಕಿ ನೋಡಿ ಆಮೇಲೆ ದುಡ್ಡು ಕೊಡಿ.