ಟ್ರಬಲ್ ಎಂಬ ಕದಡಿದ ನೀರು

ಗ್ಯಾಸ್ ಟ್ರಬಲ್, ಇಂಜಿನ್ ಟ್ರಬಲ್, ‘ಯಾಕೋ ಮೊಬೈಲು ಟ್ರಬಲ್ ಕೊಡ್ತಿದೆ’. ಇಂಗ್ಲಿಷ್ ಓದದವರ ಬಾಯಲ್ಲೂ ಸಲೀಸಾಗಿ ಬರುವ ಪದ. ಅರ್ಥ ಕೇಳಿದರೆ ‘ತೊಂದರೆ’ ಅಂದು ಮುಗಿಸುತ್ತೇವೆ. ನಾನೂ ಬಹಳ ಕಾಲ ಅಷ್ಟೇ ಅಂದುಕೊಂಡಿದ್ದೆ. ಒಮ್ಮೆ ಅದರ ಮೂಲ ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಮಾತ್ರ ರಾಡಿ ನೀರು.

ಲ್ಯಾಟಿನ್‌ನಲ್ಲಿ ‘ಟರ್ಬಾ’ ಅಂದರೆ ಗದ್ದಲ, ಗುಂಪು, ನೂಕುನುಗ್ಗಲು. ಅದರಿಂದ ಹುಟ್ಟಿದ ‘ಟರ್ಬಿಡಸ್’ ಅಂದರೆ ಕದಡಿದ್ದು, ಬಗ್ಗಡವಾದದ್ದು. ಈ ಪದ ಜನರ ನಾಲಿಗೆಯ ಮೇಲೆ ಸವೆದು, ಹಳೆಯ ಫ್ರೆಂಚ್ ಹಾದು, ಸುಮಾರು 13ನೇ ಶತಮಾನದಲ್ಲಿ ‘ಟ್ರಬಲ್’ ಆಗಿ ಇಂಗ್ಲಿಷ್ ಸೇರಿತು. ನೀರು ಕದಡುವುದಕ್ಕೂ ಮನಸ್ಸು ಕದಡುವುದಕ್ಕೂ ಅಲ್ಲಿ ಬಹಳ ಕಾಲ ಅದೊಂದೇ ಪದ ನಡೆಯಿತು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ದೇವದೂತನೊಬ್ಬ ಇಳಿದು ಬಂದು ಕೊಳದ ನೀರನ್ನು ‘ಟ್ರಬಲ್’ ಮಾಡುತ್ತಾನೆ. ಅಂದರೆ ನೀರಿಗೆ ತೊಂದರೆ ಕೊಡುವುದಲ್ಲ, ಕಲಕುವುದು. ಅದೇ ಭಾಗದಲ್ಲಿ ಕೆಲವು ಅಧ್ಯಾಯ ಮುಂದೆ ಹೋದರೆ, ನಿಮ್ಮ ಹೃದಯ ‘ಟ್ರಬಲ್’ ಆಗದಿರಲಿ ಎಂಬ ಮಾತೂ ಬರುತ್ತದೆ.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಆ ಸುದ್ದಿ ಕೇಳಿ ಮನಸ್ಸು ಕದಡಿಹೋಯಿತು’ ಅನ್ನುವಾಗ ನಾವೂ ಅದೇ ಕೊಳಕ್ಕೆ ಕೈ ಹಾಕಿರುತ್ತೇವೆ. ಆದರೆ ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕದಡಿದ ನೀರು ನೆಲೆನಿಂತರೆ ಅದು ‘ತಿಳಿ’ಯಾಗುತ್ತದೆ. ತಿಳಿನೀರು, ತಿಳಿಗೊಳ, ತಿಳಿಸಾರು. ಅರಿವಿಗೂ ನಮ್ಮಲ್ಲಿ ಅದೇ ಮಾತು: ತಿಳಿಯಿತು, ತಿಳಿವಳಿಕೆ, ತಿಳಿದವರು. ನೀರು ತಿಳಿಯಾಗುವುದೂ ವಿಷಯ ತಿಳಿಯುವುದೂ ಒಂದೇ ಬೇರಿನ ಮಾತುಗಳು. ಇದು ಹೊಳೆದ ದಿನ ನನಗಾದ ಸಂತೋಷ ಇನ್ನೂ ಹಾಗೇ ಇದೆ.

ಹಾಗಾದರೆ ಕದಡಿದ ನೀರು ತಿಳಿಯಾಗಲು ಎಷ್ಟು ಹೊತ್ತು ಬೇಕು? ಗಾಜಿನ ಲೋಟದಲ್ಲಿ ನೀರು ತುಂಬಿ, ಒಂದು ಚಮಚ ಮಣ್ಣು ಹಾಕಿ, ಚೆನ್ನಾಗಿ ಕಲಕಿ ಮೇಜಿನ ಮೇಲಿಟ್ಟು ನೋಡಿ. ಮರಳಿನ ಕಣಗಳು ನಾಲ್ಕೈದು ಸೆಕೆಂಡಿನಲ್ಲೇ ತಳ ಸೇರುತ್ತವೆ. ಮೇಲಿನ ನೀರು ಮಾತ್ರ ಹಾಲು ಬೆರೆಸಿದ ಚಹಾದಂತೆ ನಿಂತೇ ಇರುತ್ತದೆ. ಅದಕ್ಕೆ ಕಾರಣ ಜೇಡಿಮಣ್ಣಿನ ಕಣಗಳು. ಒಂದು ಮಿಲಿಮೀಟರನ್ನು 500 ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು ಗಾತ್ರದ ಕಣ ಹತ್ತು ಸೆಂಟಿಮೀಟರ್ ಇಳಿಯಲು ಸುಮಾರು ಎಂಟು ಗಂಟೆ ತೆಗೆದುಕೊಳ್ಳುತ್ತದೆ. ಗಾತ್ರ ಅರ್ಧವಾದರೆ ಹೊತ್ತು ನಾಲ್ಕು ಪಟ್ಟು. ಇನ್ನೂ ಸಣ್ಣವು ಇಳಿಯುವುದೇ ಇಲ್ಲ ಅನ್ನಬೇಕು. ನೀರಿನ ಅಣುಗಳು ಎಲ್ಲ ಕಡೆಯಿಂದಲೂ ಬಡಿಯುತ್ತಾ ಅವನ್ನು ತೇಲಿಸಿಯೇ ಇಟ್ಟಿರುತ್ತವೆ. ಸಾಲದ್ದಕ್ಕೆ ಈ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಒಟ್ಟುಗೂಡಿ ಭಾರವಾಗಿ ಮುಳುಗೋಣವೆಂದರೆ ಅದೂ ಆಗದು. ಪಟಿಕ ಹಾಕಿದಾಗ ಆಗುವುದು ಇಷ್ಟೇ: ಅದರ ಅಲ್ಯೂಮಿನಿಯಂ ಈ ವಿದ್ಯುದಂಶವನ್ನು ಅಳಿಸುತ್ತದೆ, ಕಣಗಳು ಅಂಟಿಕೊಂಡು ಹತ್ತಿಯ ಎಳೆಗಳಂಥ ಗಂಟುಗಳಾಗಿ ತಳಕ್ಕಿಳಿಯುತ್ತವೆ.

ನೀರಿನ ಈ ಬಗ್ಗಡಕ್ಕೆ ವಿಜ್ಞಾನದಲ್ಲಿ ‘ಟರ್ಬಿಡಿಟಿ’ ಎಂದೇ ಹೆಸರು. ನೀರಿನೊಳಕ್ಕೆ ಬೆಳಕು ಹಾಯಿಸಿ, ಅದು ಪಕ್ಕಕ್ಕೆ ಎಷ್ಟು ಚೆದುರುತ್ತದೆ ಎಂದು ನೋಡಿ ಅಳೆಯುತ್ತಾರೆ. ಅಳತೆಯ ಮಾನ ಎನ್‌ಟಿಯು. ಸುಮಾರು 4 ಎನ್‌ಟಿಯು ದಾಟಿದರೆ ಬಗ್ಗಡ ಬರಿಗಣ್ಣಿಗೇ ಕಾಣುತ್ತದೆ. ಕ್ರಿಮಿನಾಶಕ ಸರಿಯಾಗಿ ಕೆಲಸ ಮಾಡಬೇಕಾದರೆ ಕುಡಿಯುವ ನೀರು 1ಕ್ಕಿಂತ ಕಡಿಮೆ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಏಕೆಂದರೆ ರೋಗಾಣುಗಳು ಮಣ್ಣಿನ ಕಣಗಳ ಮರೆಯಲ್ಲಿ ಅಡಗಿ ಕ್ಲೋರಿನ್‌ನಿಂದ ತಪ್ಪಿಸಿಕೊಳ್ಳುತ್ತವೆ.

ಪದದ ಬಳಕೆಗೆ ಮರಳೋಣ. ಇಂಗ್ಲಿಷ್‌ನಲ್ಲಿ ‘ಪ್ರಾಬ್ಲಮ್’ ಅನ್ನು ಒಂದು, ಎರಡು, ಮೂರು ಎಂದು ಎಣಿಸಬಹುದು. ‘ಟ್ರಬಲ್’ ಅನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. ಹೆಚ್ಚು, ಕಡಿಮೆ ಅನ್ನುತ್ತಾರೆ, ನೀರಿಗೆ ಅಂದ ಹಾಗೆ. ಪ್ರಾಬ್ಲಮ್ ಗ್ರೀಕ್ ಮೂಲದ್ದು, ‘ಮುಂದಕ್ಕೆ ಎಸೆದದ್ದು’ ಎಂದು ಅರ್ಥ. ನಮ್ಮ ‘ಸಮಸ್ಯೆ’ಯೂ ಸಂಸ್ಕೃತದ ಎಸೆಯುವ ಧಾತುವಿನಿಂದಲೇ ಬಂದದ್ದು, ‘ಸಮಾಸ’ದ ಹಾಗೆ. ಎದುರಿಗೆ ಬಂದು ಬಿದ್ದ ಕಲ್ಲಿಗೆ ಅಂಚುಗಳಿವೆ, ಸುತ್ತ ಹೋಗಬಹುದು, ಎತ್ತಿ ಆಚೆ ಹಾಕಬಹುದು. ಟ್ರಬಲ್‌ಗೆ ಅಂಚಿಲ್ಲ. ಅದಕ್ಕೇ ಅವರು ಅದರ ‘ಒಳಗೆ’ ಬೀಳುತ್ತಾರೆ, ಒಳಗೆ ಇರುತ್ತಾರೆ, ಒದ್ದಾಡಿ ಹೊರಗೆ ಬರುತ್ತಾರೆ. ಎಣಿಕೆಗೆ ಸಿಗದ್ದು ಎಂಬುದಕ್ಕೂ ಕದಡಿದ ನೀರಿನ ಮೂಲಕ್ಕೂ ನಂಟಿದೆ ಎಂದು ನನಗನ್ನಿಸುತ್ತದೆ. ಇದು ವ್ಯಾಕರಣದ ನಿಯಮವಲ್ಲ, ನನ್ನ ಓದು. ಬಹುವಚನ ಬಂದಾಗ ಪದ ಭಾರವಾಗುತ್ತದೆ. ಉತ್ತರ ಐರ್ಲೆಂಡಿನಲ್ಲಿ 1960ರ ದಶಕದ ಕೊನೆಯಿಂದ 1998ರ ಒಪ್ಪಂದದವರೆಗೆ ಸುಮಾರು 3,500 ಜನರನ್ನು ಬಲಿ ತೆಗೆದುಕೊಂಡ ಹಿಂಸೆಯ ಕಾಲಕ್ಕೆ ‘ದ ಟ್ರಬಲ್ಸ್’ ಎಂದೇ ಹೆಸರು. ಗುಂಪು, ಗದ್ದಲ ಎಂಬ ಹಳೆಯ ಅರ್ಥ ಅಲ್ಲಿ ಮತ್ತೆ ತಲೆ ಎತ್ತಿದಂತಿದೆ.

ಈ ಪದಕ್ಕೆ ಮೃದುವಾದ ಮುಖವೂ ಇದೆ. ಅತಿಥಿಗಾಗಿ ಒಬ್ಬರು ಓಡಾಡಿದರೆ ಇಂಗ್ಲಿಷರು ಅವರು ಟ್ರಬಲ್ ‘ತೆಗೆದುಕೊಂಡರು’ ಎನ್ನುತ್ತಾರೆ. ‘ಅಯ್ಯೋ, ನಮಗೋಸ್ಕರ ತೊಂದರೆ ತಗೋಬೇಡಿ’ ಎಂಬ ನಮ್ಮ ಮಾತಿನಲ್ಲಿರುವುದೂ ಅದೇ. ಕಾಟಕ್ಕೂ ಅಕ್ಕರೆಗೂ ಒಂದೇ ಪದ. ಇನ್ನು ಕಂಪ್ಯೂಟರಿನವರು ದಿನವಿಡೀ ಹೇಳುವ ‘ಟ್ರಬಲ್‌ಶೂಟಿಂಗ್’ ಅವರ ಸ್ವಂತದ್ದಲ್ಲ. ತಂತಿ ಕಡಿದದ್ದು ಎಲ್ಲಿ ಎಂದು ಕಂಬದಿಂದ ಕಂಬಕ್ಕೆ ಹುಡುಕುತ್ತಿದ್ದ ಟೆಲಿಗ್ರಾಫ್, ಟೆಲಿಫೋನ್ ಕೆಲಸಗಾರರಿಂದ ಬಂದದ್ದು.

ವಿಜ್ಞಾನ ಈ ಪದದ ಒಡಹುಟ್ಟುಗಳನ್ನೂ ಬಿಟ್ಟಿಲ್ಲ. 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ನೀರು ಹರಿಸಿ, ನಡುವೆ ಬಣ್ಣದ ಒಂದು ಎಳೆ ಬಿಟ್ಟರು. ನಿಧಾನಕ್ಕೆ ಹರಿಯುವಾಗ ಎಳೆ ನೂಲಿನಂತೆ ನೇರ. ವೇಗ ಒಂದು ಮಿತಿ ದಾಟಿದ್ದೇ ತಡ, ಎಳೆ ಸುಳಿಸುಳಿಯಾಗಿ ಒಡೆದು ಕೊಳವೆಯನ್ನೆಲ್ಲ ಬಣ್ಣವಾಗಿಸಿತು. ರೆನಾಲ್ಡ್ಸ್ ಅದನ್ನು ಅಂಕುಡೊಂಕು ಚಲನೆ ಎಂದು ಕರೆದಿದ್ದರು. ನಾಲ್ಕು ವರ್ಷಗಳ ನಂತರ ವಿಲಿಯಂ ಥಾಮ್ಸನ್ ಬರಹದಲ್ಲಿ ‘ಟರ್ಬುಲೆನ್ಸ್’ ಬಂತು. ನಮ್ಮವರು ಅದನ್ನು ಪ್ರಕ್ಷುಬ್ಧ ಪ್ರವಾಹ ಎಂದಿದ್ದಾರೆ, ಆ ಪದದೊಳಗೂ ಕದಡುವ ಕ್ಷೋಭೆ ಇದೆ. ಯುರೇನಸ್ ಗ್ರಹ ಲೆಕ್ಕದ ದಾರಿ ಬಿಟ್ಟು ಅತ್ತಿತ್ತ ಸರಿಯುತ್ತಿದ್ದುದಕ್ಕೆ ಖಗೋಳ ವಿಜ್ಞಾನಿಗಳು ಇಟ್ಟ ಹೆಸರು ‘ಪರ್ಟರ್ಬೇಶನ್’. ಆ ಕದಲಿಕೆಯನ್ನೇ ಹಿಡಿದು, ಅದನ್ನು ಎಳೆಯುತ್ತಿರುವ ಕಾಣದ ಗ್ರಹ ಎಲ್ಲಿರಬೇಕೆಂದು ಫ್ರಾನ್ಸಿನ ಖಗೋಳ ವಿಜ್ಞಾನಿ ಲೆವೆರಿಯೆ ಲೆಕ್ಕ ಹಾಕಿದರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್‌ನಲ್ಲಿ ಗಾಲೆ ದೂರದರ್ಶಕ ತಿರುಗಿಸಿದಾಗ, ಲೆಕ್ಕ ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಸಿಕ್ಕಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ನುಡಿಗಟ್ಟು. ಜಗಳ ಶಮನ ಮಾಡುವುದಕ್ಕೆ ಇಂಗ್ಲಿಷ್‌ನಲ್ಲಿ ‘ಕದಡಿದ ನೀರಿಗೆ ಎಣ್ಣೆ ಸುರಿ’ ಎನ್ನುತ್ತಾರೆ. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದನ್ನೇ ಕೇಳಿ ಬೆಳೆದ ನಮಗೆ ಇದು ತಿರುಗುಮುರುಗು. ಬೆಂಜಮಿನ್ ಫ್ರಾಂಕ್ಲಿನ್ ಇದನ್ನು ನಿಜವಾಗಿ ಮಾಡಿ ನೋಡಿದರು. ಗಾಳಿಗೆ ಅಲೆಯೆದ್ದಿದ್ದ ದಿನ ಲಂಡನ್ನಿನ ಕ್ಲ್ಯಾಪಮ್ ಕಾಮನ್‌ನ ಕೊಳಕ್ಕೆ ಸ್ವಲ್ಪ ಎಣ್ಣೆ ಬಿಟ್ಟರು. ಮೊದಲು ಅಲೆಗಳು ದೊಡ್ಡದಾಗಿದ್ದ ದಂಡೆಯಲ್ಲಿ ನಿಂತು ಬಿಟ್ಟದ್ದರಿಂದ ಗಾಳಿ ಎಣ್ಣೆಯನ್ನು ದಡಕ್ಕೇ ತಳ್ಳಿತು. ಎದುರು ದಂಡೆಗೆ ಹೋಗಿ ಬಿಟ್ಟಾಗ ಒಂದು ಟೀ ಚಮಚಕ್ಕಿಂತ ಹೆಚ್ಚಿಲ್ಲದ ಎಣ್ಣೆ ಹರಡುತ್ತಾ ಹರಡುತ್ತಾ ಸುಮಾರು ಅರ್ಧ ಎಕರೆ ನೀರನ್ನು ಕನ್ನಡಿಯಂತೆ ನಯ ಮಾಡಿತು. 1774ರಲ್ಲಿ ಇದು ಪ್ರಕಟವಾಯಿತು. ಎಣ್ಣೆಯ ಪೊರೆ ಹಿಗ್ಗಿ ಕುಗ್ಗುವಾಗ ಸಣ್ಣ ಅಲೆಗಳ ಶಕ್ತಿಯನ್ನು ಹೀರಿಬಿಡುತ್ತದೆ. ಆ ಸಣ್ಣ ಅಲೆಗಳಿಲ್ಲದೆ ಗಾಳಿಗೆ ನೀರಿನ ಮೇಲೆ ಹಿಡಿತ ಸಿಗುವುದಿಲ್ಲ.

ಅರ್ಧ ಎಕರೆಗೆ ಒಂದು ಚಮಚ ಅಂದರೆ ಪೊರೆಯ ದಪ್ಪ ಎಷ್ಟು? ಫ್ರಾಂಕ್ಲಿನ್ ಈ ಭಾಗಾಕಾರ ಮಾಡಲಿಲ್ಲ. 1890ರಲ್ಲಿ ಲಾರ್ಡ್ ರ್ಯಾಲೆ ನೀರು ತುಂಬಿದ ತೊಟ್ಟಿಯಲ್ಲಿ ಆಲಿವ್ ಎಣ್ಣೆ ಹರಡಿ ಲೆಕ್ಕ ಹಾಕಿದಾಗ ಬಂದ ಉತ್ತರ ಸುಮಾರು 1.6 ನ್ಯಾನೊಮೀಟರ್, ಹೆಚ್ಚುಕಡಿಮೆ ಒಂದೇ ಒಂದು ಅಣುವಿನ ಎತ್ತರ.